ಮಾಸ್ಕಿಗೆ ಅಡ್ಡ ಬಂದ ಮೂಗಬಟ್ಟು

ಕೋರ್ಟಿನಲ್ಲಿ ವಕೀಲರು ತೂಕಡಿಸುವುದು ಹೊಸದೇನಲ್ಲ. ಊಟದ ವಿರಾಮ ಮುಗಿದ ಮೇಲಿನ ಹೊತ್ತಿನಲ್ಲಿ ಹಿಂದಿನ ಸಾಲಿನ ಕುರ್ಚಿಗಳಲ್ಲಿ ಒಬ್ಬರಲ್ಲ ಒಬ್ಬರ ಕತ್ತು ವಾಲಿರುತ್ತದೆ. ಯಾರೂ ಏನೂ ಅನ್ನುವುದಿಲ್ಲ. ಆದರೆ ಅವತ್ತು ನಾನು ಕೂತಿದ್ದು ಮುಂದಿನ ಸಾಲಿನಲ್ಲಿ. ಕೇಸು ನನ್ನದು. ತವರಿನ ಆಸ್ತಿಯಲ್ಲಿ ಪಾಲು ಕೇಳಿದ್ದ ನನ್ನ ಕಕ್ಷಿದಾರಳು ಕಟಕಟೆಯಲ್ಲಿ ನಿಂತಿದ್ದಳು. ಎದುರು ಪಕ್ಷದ ವಕೀಲರು ಆಕೆಯ ಗಂಡನ ನಡತೆಯ ಬಗ್ಗೆ, ಕೇಸಿಗೆ ಸಂಬಂಧವೇ ಇಲ್ಲದ ಪ್ರಶ್ನೆಯೊಂದನ್ನು ಕೇಳಿದರು. ನಾನು ಎದ್ದು ನಿಂತು ತಡೆಯಬೇಕಿತ್ತು. ಆಕೆ ನನ್ನ ಕಡೆ ನೋಡಿದಳಂತೆ. ನಾನು ಗೊರಕೆ ಹೊಡೆಯುತ್ತಿದ್ದೆ.

"ಮಹಾಸ್ವಾಮಿ, ನನ್ನ ಪ್ರಶ್ನೆಗೆ ಮೇಡಂ ಅವರದು ಏನೂ ತಕರಾರು ಇದ್ದಂಗಿಲ್ಲ," ಎಂದರಂತೆ ಆ ವಕೀಲರು.

ಇಡೀ ಕೋರ್ಟು ನಕ್ಕ ಸದ್ದಿಗೆ ನನಗೆ ಎಚ್ಚರವಾಯಿತು. ನ್ಯಾಯಾಧೀಶರು ನಗಲಿಲ್ಲ. "ಮೇಡಂ, ಹೊರಗೆ ಹೋಗಿ ಮುಖ ತೊಳೆದುಕೊಂಡು ಬನ್ನಿ," ಎಂದು ಕೇಸನ್ನು ಮುಂದಕ್ಕೆ ಹಾಕಿದರು. ವರಾಂಡದಲ್ಲಿ ನನ್ನ ಕಕ್ಷಿದಾರಳು ಹತ್ತಿರ ಬಂದಳು. ಬೈಯುತ್ತಾಳೆ ಅಂದುಕೊಂಡೆ. "ಅಕ್ಕಾರ, ಮೈಯಾಗ ಆರಾಮ ಇಲ್ಲೇನ್ರಿ?" ಎಂದು ಕೇಳಿದಳು. ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ. ಆ ಮಾತಿಗೆ ಮಾತ್ರ ಕಣ್ಣಲ್ಲಿ ನೀರು ಬಂತು.

ನನ್ನ ಹೆಸರು ಸುವರ್ಣಾ. ಹುಕ್ಕೇರಿಯಲ್ಲಿ ವಕೀಲಿ ಮಾಡುತ್ತೇನೆ. ಕರಿ ಕೋಟು ಹಾಕಿದ ಹೆಂಗಸರು ಇಲ್ಲಿ ಬೆರಳೆಣಿಕೆಯಷ್ಟಿದ್ದ ಕಾಲದಲ್ಲಿ ಶುರು ಮಾಡಿದವಳು. ನನ್ನ ಗಂಡನದು ಬೀಜ ಗೊಬ್ಬರದ ಅಂಗಡಿ. ಮನೆಯಲ್ಲಿ ನಾವಿಬ್ಬರು ಮತ್ತು ನನ್ನ ಅತ್ತೆ ಗೌರವ್ವ. ಆ ಹೊತ್ತಿಗೆ ಎರಡು ಮೂರು ವರ್ಷಗಳಿಂದ ನಾನು ಬೆಳಿಗ್ಗೆ ಏಳುವಾಗಲೇ ತಲೆನೋವು ಹೊತ್ತು ಏಳುತ್ತಿದ್ದೆ. ಎಷ್ಟು ಮಲಗಿದರೂ ಮಲಗಿದ ಹಾಗೆ ಆಗುತ್ತಿರಲಿಲ್ಲ. ಬಾಯಿಗೆ ಬಂದ ಹೆಸರು ಮರೆತುಹೋಗುತ್ತಿತ್ತು. ಕೆಲಸ ಜಾಸ್ತಿ, ವಯಸ್ಸು, ಮುಟ್ಟು ನಿಲ್ಲುವ ಕಾಲ ಎಂದು ನನಗೆ ನಾನೇ ಕಾರಣ ಕೊಟ್ಟುಕೊಂಡಿದ್ದೆ. ಹೆಂಗಸಿನ ದಣಿವಿಗೆ ಕಾರಣ ಹುಡುಕುವುದು ಸುಲಭ. ಯಾವುದನ್ನು ಹೇಳಿದರೂ ಎಲ್ಲರೂ ಒಪ್ಪಿಕೊಳ್ಳುತ್ತಾರೆ.

ಅವತ್ತು ಸಂಜೆ ಕೋರ್ಟಿನಲ್ಲಿ ಆದದ್ದನ್ನು ಗಂಡನಿಗೆ ಹೇಳಿದೆ.

"ಗೊರಕಿ ಅಷ್ಟ ಅಲ್ಲ ಸುವರ್ಣಾ. ನಡಬರಕ ನಿನ್ನ ಉಸರ ನಿಂತ ಬಿಡತೈತಿ."

"ಅಂದ್ರ?"

"ನಿಂತ ಬಿಡತೈತಿ. ಆಮ್ಯಾಗ ಒಮ್ಮೆಲೆ ನೀರಾಗಿಂದ ಎದ್ದ ಬಂದಂಗ ಮಾಡ್ತಿ. ನಾ ನಿನ್ನ ಭುಜಾ ಹಿಡದ ಅಳ್ಳಾಡಸ್ತೇನಿ. ನಿನಗ ಗೊತ್ತಾಗೂದಿಲ್ಲ."

"ಎಷ್ಟ ದಿವಸ ಆತ್ರಿ ಇದು?"

"ಭಾಳ ದಿವಸ ಆತು. ಹೇಳಿದ್ರ ಅಂಜ್ತಿ ಅಂತ ಹೇಳಲಿಲ್ಲ."

ನನಗೆ ಅಂಜಿಕೆಗಿಂತ ಮೊದಲು ಬಂದದ್ದು ಸಿಟ್ಟು. ನನ್ನ ಉಸಿರು ನಿಲ್ಲುವ ಸುದ್ದಿ ಮನೆಯಲ್ಲಿ ಎಲ್ಲರಿಗಿಂತ ಕೊನೆಗೆ ನನಗೆ ತಿಳಿಯಬೇಕೇ? ಆದರೆ ಅವರ ಕಣ್ಣ ಕೆಳಗಿನ ಕಪ್ಪು ನೋಡಿದೆ. ನಾನು ಉಸಿರಾಡುತ್ತೇನೋ ಇಲ್ಲವೋ ಎಂದು ಕಾಯುತ್ತ ಆ ಮನುಷ್ಯನೂ ನಿದ್ದೆ ಬಿಟ್ಟಿದ್ದರು.

ಗೋಕಾಕದಲ್ಲಿ ಕಿವಿ, ಮೂಗು, ಗಂಟಲಿನ ಡಾಕ್ಟರೊಬ್ಬರಿದ್ದರು. ಅವರ ದವಾಖಾನೆಯ ಕಾಯುವ ಕೋಣೆಯಲ್ಲಿ ಪ್ಲಾಸ್ಟಿಕ್ ಕುರ್ಚಿಗಳು ಒಂದಕ್ಕೊಂದು ಅಂಟಿಕೊಂಡಿದ್ದವು. ಒಬ್ಬರು ಎದ್ದರೆ ಸಾಲಿನಲ್ಲಿದ್ದ ಎಲ್ಲರೂ ಅಲ್ಲಾಡಬೇಕು. ನನ್ನ ಪಕ್ಕ ಮೂಗಿನಲ್ಲಿ ಶೇಂಗಾ ಬೀಜ ಸೇರಿಸಿಕೊಂಡ ಮಗುವೊಂದು ತಾಯಿಯ ತೊಡೆಯ ಮೇಲೆ ಆರಾಮಾಗಿ ಮಲಗಿತ್ತು. ಅದರ ಇನ್ನೊಂದು ಹೊಳ್ಳೆಯಿಂದ ಬರುತ್ತಿದ್ದ ಉಸಿರನ್ನು ನೋಡುತ್ತ ಕೂತೆ. ಉಸಿರು ಎಷ್ಟು ಸುಲಭದ ಕೆಲಸ ಎಂದು ಹೊಟ್ಟೆಕಿಚ್ಚಾಯಿತು.

ಡಾಕ್ಟರು ವಯಸ್ಸಿನಲ್ಲಿ ನನಗಿಂತ ಚಿಕ್ಕವರು, ಹೆಣ್ಣುಮಗಳು. ಮೊದಲ ಪ್ರಶ್ನೆಯನ್ನು ಅವರು ನನ್ನ ಗಂಡನಿಗೆ ಕೇಳಿದರು: "ಇವರಿಗೆ ಯಾವಾಗಿಂದ ತ್ರಾಸ ಐತ್ರಿ?"

"ಮೇಡಂ, ಪೇಶಂಟ್ ನಾನು. ನನ್ನ ಕೇಳ್ರಿ," ಎಂದೆ.

ಅವರು ನಕ್ಕರು. "ಖರೆ ಐತ್ರಿ. ಆದ್ರ ನೀವು ನಿದ್ದಿ ಮಾಡೂದನ್ನ ನೀವು ನೋಡಿಲ್ಲಲಾ. ಸಾಕ್ಷಿ ಅವರು."

ಸಾಕ್ಷಿ ಎಂಬ ಮಾತಿಗೆ ನಾನು ಸೋತೆ. ಗಂಡ ಎಲ್ಲವನ್ನೂ ಹೇಳಿದರು. ನಿದ್ದೆಯಲ್ಲಿ ಉಸಿರನ್ನು ಅಳೆಯುವ ಒಂದು ಸಣ್ಣ ಉಪಕರಣವನ್ನು ಡಾಕ್ಟರು ಮನೆಗೆ ಕೊಟ್ಟು ಕಳಿಸಿದರು. ಬೆರಳಿಗೆ, ಎದೆಗೆ, ಮೂಗಿಗೆ ಕಟ್ಟಿಕೊಂಡು ಒಂದು ರಾತ್ರಿ ಮಲಗಿದೆ. ಫಲಿತಾಂಶ ಬಂದಾಗ, ನನ್ನ ಉಸಿರು ತಾಸಿಗೆ ಎಷ್ಟು ಸಲ ನಿಲ್ಲುತ್ತದೆ ಎಂಬ ಸಂಖ್ಯೆಯನ್ನು ಡಾಕ್ಟರು ಹೇಳಿದರು. ಅದನ್ನು ಇಲ್ಲಿ ಬರೆಯುವುದಿಲ್ಲ. ಬರೆದರೆ ಓದುವವರು ತಮ್ಮದರ ಜೊತೆ ತೂಗಿ ನೋಡಿ, ಒಂದೋ ಹೆದರುತ್ತಾರೆ, ಇಲ್ಲವೇ ಮೈಮರೆಯುತ್ತಾರೆ.

ವಾಪಸು ಬರುವಾಗ ದಾರಿಯುದ್ದಕ್ಕೂ ಅಪ್ಪನ ನೆನಪು. ನನ್ನ ತವರು ಮೇಲವಂಕಿ. ಅಪ್ಪನ ಗೊರಕೆ ಓಣಿಗೆಲ್ಲ ಕೇಳುತ್ತಿತ್ತು. ಅವನು ಮಲಗಿದ್ದರೆ ಕಳ್ಳ ಈ ಕಡೆ ಸುಳಿಯುವುದಿಲ್ಲ ಎಂದು ನೆರೆಯವರು ತಮಾಷೆ ಮಾಡುತ್ತಿದ್ದರು. ಒಂದು ಬೆಳಿಗ್ಗೆ ಅವನು ಏಳಲಿಲ್ಲ. ನರಳಲಿಲ್ಲ, ಯಾರಿಗೂ ಹೊರೆಯಾಗಲಿಲ್ಲ, ನಿದ್ದೆಯಲ್ಲೇ ಹೋದ, ಪುಣ್ಯವಂತ ಎಂದು ಎಲ್ಲರೂ ಹೇಳಿದರು. ನಾನೂ ಹಾಗೆಯೇ ನಂಬಿದ್ದೆ. ಅವನ ಸಾವಿಗೆ ಇದೇ ಕಾರಣ ಎಂದು ಈಗ ಯಾರೂ ಹೇಳಲಾರರು, ಡಾಕ್ಟರೂ ಹೇಳಲಿಲ್ಲ. ಆದರೆ ಬಸ್ಸಿನ ಕಿಟಕಿಗೆ ತಲೆ ಆನಿಸಿ ಕೂತವಳಿಗೆ ಒಂದು ಮಾತು ಸ್ಪಷ್ಟವಾಯಿತು. ಅಂಥ ಪುಣ್ಯ ನನಗೆ ಬೇಡ. ನಾನು ಬೆಳಿಗ್ಗೆ ಏಳಬೇಕು.

ಯಂತ್ರ ಬಂತು. ರೊಟ್ಟಿ ಡಬ್ಬಿಯಷ್ಟು ಗಾತ್ರ, ಅದಕ್ಕೊಂದು ಉದ್ದನೆಯ ಕೊಳವೆ, ಕೊಳವೆಯ ತುದಿಗೆ ಮೂಗಿನ ಮೇಲೆ ಕೂರುವ ಮಾಸ್ಕು. ಸಿಪ್ಯಾಪ್ ಅನ್ನುತ್ತಾರೆ. ಮಲಗಿದವರ ಗಂಟಲು ಮುಚ್ಚಿಹೋಗದಂತೆ ಅದು ಗಾಳಿಯನ್ನು ಒತ್ತಿ ಒಳಗೆ ಕಳಿಸುತ್ತಲೇ ಇರುತ್ತದೆ. ಅತ್ತೆ ದೂರದಿಂದಲೇ ಅದನ್ನು ನೋಡಿದರು.

"ಇದು ದವಾಖಾನಿ ಸಾಮಾನ. ಮನ್ಯಾಗ ಯಾಕ ಇಡ್ತೀರಿ? ಯಾರರೆ ಬಂದ್ರ ಏನ್ ತಿಳ್ಕೋಬೇಕು?"

"ನಿದ್ದಿ ಮಾಡ್ತಾಳ ಅಂತ ತಿಳ್ಕೋತಾರ ತಗೊ ಅವ್ವಾ," ಎಂದರು ನನ್ನ ಗಂಡ.

ಆದರೆ ನಿದ್ದೆ ಎಲ್ಲಿತ್ತು? ಯಂತ್ರ ತಂದರೆ ಮುಗಿಯಿತು ಎಂದು ನಾನು ತಿಳಿದಿದ್ದೆ. ಮಾಸ್ಕು ಸೋರುತ್ತದೆ ಎಂದು ಯಾರೂ ಹೇಳಿರಲಿಲ್ಲ. ಹೇಳಿದ್ದರೂ ಗಾಳಿ ಸೋರಿದರೆ ಏನಾಗುತ್ತದೆ ಎಂದು ಅಸಡ್ಡೆ ಮಾಡುತ್ತಿದ್ದೆ. ಏನಾಗುತ್ತದೆ ಎಂದರೆ: ಮೂಗಿನ ಪಕ್ಕದ ಸಂದಿನಿಂದ ತಣ್ಣನೆಯ ಗಾಳಿ ನೇರವಾಗಿ ಕಣ್ಣಿಗೆ ಹೊಡೆಯುತ್ತದೆ. ಪೀಪಿ ಊದಿದ ಹಾಗೆ ಶಬ್ದ ಬರುತ್ತದೆ. ಮಗ್ಗುಲು ಬದಲಿಸಿದರೆ ಪೀಪಿ ನಿಂತು ಮೇಲಿನ ತುಟಿಯ ಹತ್ತಿರ ಬುರಬುರ ಶುರುವಾಗುತ್ತದೆ. ಒಳಗೆ ಹೋಗಬೇಕಾದ ಗಾಳಿ ಹೊರಗೆ ಹೋಗುವುದರಿಂದ ಗಂಟಲು ಮತ್ತೆ ಮುಚ್ಚುತ್ತದೆ, ಉಸಿರು ಮತ್ತೆ ನಿಲ್ಲುತ್ತದೆ. ಇಷ್ಟೆಲ್ಲ ಮುಖಕ್ಕೆ ಕಟ್ಟಿಕೊಂಡೂ ರೋಗ ಇದ್ದಲ್ಲೇ ಇರುತ್ತದೆ. ಬೆಳಿಗ್ಗೆ ಯಂತ್ರದ ಪುಟ್ಟ ಪರದೆಯ ಮೇಲೆ ಕೆಂಪು ಬಣ್ಣದ, ಬಾಯಿ ಕೆಳಗೆ ಮಾಡಿದ ಮುಖವೊಂದು ಮೂಡಿರುತ್ತಿತ್ತು. ಮಾಸ್ಕು ಸರಿಯಾಗಿ ಕೂತಿಲ್ಲ ಎಂದು ಅದರ ಅರ್ಥ. ದಿನಾ ಬೆಳಿಗ್ಗೆ ಎದ್ದ ತಕ್ಷಣ ಒಂದು ಯಂತ್ರದ ಜೋಲುಮೋರೆ ನೋಡುವುದು ಎಂಥ ಅವಮಾನ!

ಸೋರುತ್ತದೆಯಲ್ಲ ಎಂದು ನಾನು ಮಾಸ್ಕನ್ನು ತಲೆಗೆ ಕಟ್ಟುವ ಪಟ್ಟಿಗಳನ್ನು ಬಿಗಿದೆ. ಇನ್ನೂ ಸೋರಿತು, ಇನ್ನೂ ಬಿಗಿದೆ. ಮೂಗಿನ ದಿಂಡಿನ ಮೇಲೆ ಕೆಂಪು ಗೆರೆ ಬಿತ್ತು, ಆಮೇಲೆ ಚರ್ಮ ಸುಲಿಯಿತು. ಕಣ್ಣುಗಳು ಕೆಂಪಾಗಿರುತ್ತಿದ್ದವು. ನಮ್ಮ ವಕೀಲರ ಸಂಘದಲ್ಲಿದ್ದ ಹಿರಿಯ ವಕೀಲೆಯೊಬ್ಬರು ಒಂದು ದಿನ ನನ್ನನ್ನು ಲೈಬ್ರರಿಯ ಮೂಲೆಗೆ ಕರೆದುಕೊಂಡು ಹೋದರು.

"ಸುವರ್ಣಾ, ಮನ್ಯಾಗ ಏನರೆ ತ್ರಾಸ ಐತೇನ? ಕೈ ಎತ್ತತಾನೇನ? ನನ್ನ ಮುಂದ ಹೇಳ."

ಬೇರೆಯವರ ಮನೆಯ ಜಗಳಗಳನ್ನು ಬಿಡಿಸುವ ನನ್ನ ಮುಖದ ಮೇಲೆ ಅವರು ಅಂಥ ಕಥೆಯೊಂದನ್ನು ಓದಿದ್ದರು. "ಮಾಸ್ಕ ಸೋರತೈತ್ರಿ ಮೇಡಂ," ಎಂದೆ. ಅವರು ನಂಬಲಿಲ್ಲ ಅನಿಸುತ್ತದೆ. ನಾಲ್ಕಾರು ದಿನ ನನ್ನ ಗಂಡನ ಅಂಗಡಿಯ ಮುಂದೆ ಹಾಯುವಾಗ ಅವರನ್ನು ದುರುಗುಟ್ಟಿ ನೋಡಿದರಂತೆ.

ಯಂತ್ರವನ್ನು ಕಟ್ಟಿ ಕಪಾಟಿನ ಮೇಲೆ ಇಟ್ಟುಬಿಡೋಣ ಅನ್ನಿಸಿದ್ದು ಸುಳ್ಳಲ್ಲ. ಬಹಳ ಜನ ಇಲ್ಲೇ ಬಿಟ್ಟುಬಿಡುತ್ತಾರೆ ಎಂದು ಡಾಕ್ಟರು ಆಮೇಲೆ ಹೇಳಿದರು. ನನ್ನನ್ನು ತಡೆದದ್ದು ಧೈರ್ಯವಲ್ಲ, ಹಟ. ಕೋರ್ಟಿನಲ್ಲಿ ನಕ್ಕವರ ಮುಂದೆ ಇನ್ನೊಮ್ಮೆ ನಿದ್ದೆಗಣ್ಣಲ್ಲಿ ಕೂರುವುದಿಲ್ಲ ಎಂಬ ಹಟ. ಯಂತ್ರವನ್ನೇ ಚೀಲದಲ್ಲಿ ಹಾಕಿಕೊಂಡು ಮತ್ತೆ ಗೋಕಾಕಕ್ಕೆ ಹೋದೆ.

ಡಾಕ್ಟರು ಹಾಡಹಗಲೇ ನನ್ನನ್ನು ತಪಾಸಣೆಯ ಮಂಚದ ಮೇಲೆ ಮಲಗಿಸಿದರು. "ಮನ್ಯಾಗ ಹೆಂಗ ಹಾಕ್ಕೋತೀರಿ, ಹಂಗ ಹಾಕ್ಕೋರಿ ನೋಡೂಣು."

ನಾನು ಕೂತು ಮಾಸ್ಕು ಹಾಕಿಕೊಂಡು, ಪಟ್ಟಿ ಬಿಗಿದು, ಮಲಗಿದೆ. ಪೀಪಿ ಶುರುವಾಯಿತು. ಅವರು ಒಂದೊಂದೇ ತಪ್ಪು ತೋರಿಸಿದರು. ಕೂತಾಗ ಇರುವ ಮುಖ ಮಲಗಿದಾಗ ಇರುವುದಿಲ್ಲ, ಆದ್ದರಿಂದ ಮಲಗಿಕೊಂಡು, ಗಾಳಿ ಬರುತ್ತಿರುವಾಗಲೇ ಪಟ್ಟಿ ಸರಿಮಾಡಬೇಕು. ಬಿಗಿದಷ್ಟೂ ರಬ್ಬರಿನ ಮೆತ್ತನೆಯ ಅಂಚು ಮಡಚಿಕೊಂಡು ಜಾಸ್ತಿ ಸೋರುತ್ತದೆ, ಸಡಿಲ ಬಿಟ್ಟರೆ ಅದೇ ಉಬ್ಬಿ ಮುಖಕ್ಕೆ ಕೂರುತ್ತದೆ. ನನ್ನ ತುರುಬು ಹಿಂದಿನ ಪಟ್ಟಿಯನ್ನು ಮೇಲಕ್ಕೆ ತಳ್ಳುತ್ತಿತ್ತು. ಮುಖಕ್ಕೆ ಹಚ್ಚಿದ ಕೊಬ್ಬರಿ ಎಣ್ಣೆಗೆ ಅಂಚು ಜಾರುತ್ತಿತ್ತು. ಇಷ್ಟು ಸರಿಮಾಡಿದ ಮೇಲೂ ಎಡಗಡೆಯಿಂದ ಸಣ್ಣಗೆ ಗಾಳಿ ಬರುತ್ತಲೇ ಇತ್ತು. ಅವರು ಬಗ್ಗಿ ನೋಡಿದರು.

"ಇದನ್ನ ತಗೀಬಹುದೇನ್ರಿ?"

ಅವರ ಬೆರಳು ನನ್ನ ಮೂಗಬಟ್ಟನ್ನು ತೋರಿಸುತ್ತಿತ್ತು. ಐದು ಹರಳಿನ ಅಗಲವಾದ ಮೂಗಬಟ್ಟು. ಮದುವೆಯಲ್ಲಿ ಅತ್ತೆ ತಮ್ಮ ಕೈಯಾರೆ ಹಾಕಿದ್ದು. ಅವರ ಅತ್ತೆಯಿಂದ ಅವರಿಗೆ ಬಂದದ್ದು. ಮಾಸ್ಕಿನ ಅಂಚು ಅದರ ಮೇಲೆ ಹತ್ತಿ ನಿಂತಿತ್ತು. ಕದದ ಕೆಳಗೆ ಹರಳು ಸಿಕ್ಕಿದರೆ ಕದ ಮುಚ್ಚುವುದಿಲ್ಲವಲ್ಲ, ಹಾಗೆ.

ತಿರುಪು ಬಿಚ್ಚಲು ಮನೆಯಲ್ಲಿ ನೋಡಿದೆ. ಬರಲಿಲ್ಲ. ಹುಕ್ಕೇರಿಯ ಪೇಟೆಯಲ್ಲಿ ನಮಗೆ ಗುರುತಿದ್ದ, ಚಿನ್ನ ಬೆಳ್ಳಿ ಕೆಲಸದ ಪತ್ತಾರರ ಅಂಗಡಿಗೆ ಹೋದೆ. ಅವರು ಸಣ್ಣ ಇಕ್ಕಳ ಹಿಡಿದು ನನ್ನ ಮುಖ ನೋಡಿದರು.

"ಹಿರೇರಿಗೆ ಹೇಳಿ ಬಂದೀರೇನ್ರಿ ವಕೀಲ ಅಕ್ಕಾರ?"

"ಮೂಗ ನಂದಲ್ರಿ?"

ಅವರು ತೆಗೆದುಕೊಟ್ಟರು. ನೋವಾಯಿತು, ಒಂದು ಹನಿ ರಕ್ತ ಬಂತು. ಕನ್ನಡಿಯಲ್ಲಿ ನೋಡಿಕೊಂಡರೆ ಅದಿದ್ದ ಜಾಗದ ಚರ್ಮ ಮಾತ್ರ ಬೆಳ್ಳಗೆ, ನಯವಾಗಿ ಉಳಿದಿತ್ತು.

ಅತ್ತೆ ಅವತ್ತು ಮಧ್ಯಾಹ್ನ ಅಡುಗೆಮನೆಯ ಬಾಗಿಲಲ್ಲೇ ನಿಂತರು. ಕೈಯಲ್ಲಿದ್ದ ತಂಬಿಗೆಯನ್ನು ಕೆಳಗಿಟ್ಟರು.

"ಏನ್ ಮಾಡ್ಕೊಂಡಿ ಇದನ್ನ? ಗಂಡ ಇದ್ದಾಕಿ ಮೂಗ ಬರಿದ ಮಾಡ್ಕೊಂಡ ಅಡ್ಡಾಡ್ತಾಳೇನ? ನನ್ನ ಮಗಾ ಇನ್ನಾ ಇದ್ದಾನ."

"ನಿಮ್ಮ ಮಗಾ ಇದ್ದಾರ್ರಿ ಅತ್ತಿ. ಅವರ ಜೋಡಿ ನಾನೂ ಇರಬೇಕಲ್ರಿ?"

"ರಾತ್ರಿ ತಗದ ಹಗಲಿ ಹಾಕ್ಕೊ."

"ದಿನಾ ಪತ್ತಾರನ ಮುಂದ ಹೋಗಿ ಕುಂದರಾಕ ಆಗೂದಿಲ್ರಿ. ಮೂಗ ಹುಣ್ಣ ಆಗತೈತಿ. ಡಬ್ಬ್ಯಾಗ ಇಟ್ಟೇನಿ, ನಿಮ್ಮ ಕಪಾಟಿನ್ಯಾಗ ಇಟ್ಕೋರಿ."

ಡಬ್ಬಿಯನ್ನು ಅವರು ಮುಟ್ಟಲಿಲ್ಲ. ಎರಡು ದಿನ ನನ್ನ ಕೈಯ ಚಹಾ ಕುಡಿಯಲಿಲ್ಲ. ಗಂಡ ನಮ್ಮಿಬ್ಬರ ನಡುವೆ ಕೂತು, ಎರಡೂ ಕಡೆ ತಲೆಯಾಡಿಸುತ್ತ ಊಟ ಮಾಡಿದರು. ನನಗೆ ಅವರ ಮೇಲೂ ರೇಗುತ್ತಿತ್ತು. ಆದರೆ ಕೈತೊಳೆಯುವಾಗ ಅವರು ಹತ್ತಿರ ಬಂದು, ಮೂಗಿನ ಆ ಬೆಳ್ಳಗಿನ ಚುಕ್ಕೆಯನ್ನು ನೋಡಿ ಮೆಲ್ಲಗೆ, "ಕಾಲೇಜಿಗೆ ಹೋಗೂ ಹುಡಿಗಿ ಕಂಡಂಗ ಕಾಣ್ತಿ," ಎಂದರು. ಆ ಮನೆಯಲ್ಲಿ ಅವತ್ತು ನನಗೆ ಸಿಕ್ಕಿದ ಬೆಂಬಲ ಅಷ್ಟೇ. ಅಷ್ಟು ಸಾಕಾಯಿತು.

ಮೂಗಿನ ಸೋರಿಕೆ ನಿಂತಿತು. ಆಗ ಬಾಯಿ ಶುರು ಮಾಡಿತು. ನಿದ್ದೆ ಹತ್ತಿದ ಕೂಡಲೇ ನನ್ನ ಬಾಯಿ ತೆರೆದುಕೊಂಡು, ಮೂಗಿನಿಂದ ಬಂದ ಗಾಳಿಯೆಲ್ಲ ಬಾಯಿಯಿಂದ ಹೊರಗೆ ಹೋಗುತ್ತಿತ್ತು. ಬೆಳಿಗ್ಗೆ ನಾಲಿಗೆ ಕಟ್ಟಿಗೆಯಾಗಿರುತ್ತಿತ್ತು. ಡಾಕ್ಟರು ಮೂಗು ಬಾಯಿ ಎರಡನ್ನೂ ಮುಚ್ಚುವ ದೊಡ್ಡ ಮಾಸ್ಕು ತರಿಸಿದರು. ಹಾಕಿಕೊಂಡ ತಕ್ಷಣ ಕಿತ್ತೆಸೆದೆ. ಬಾವಿಯೊಳಗೆ ಮುಚ್ಚಿಟ್ಟ ಹಾಗಾಗಿತ್ತು. "ಹಗಲಿ ರೂಢಿ ಮಾಡ್ಕೋರಿ. ಓದ್ಕೋತ, ಬರ್ಕೋತ ಹಾಕ್ಕೊಂಡ ಕುಂದರ್ರಿ," ಎಂದರು ಡಾಕ್ಟರು ಫೋನಿನಲ್ಲಿ.

ಹಾಗೆ ನಾನು ಮನೆಯ ಮುಂಭಾಗದ ನನ್ನ ಆಫೀಸಿನಲ್ಲಿ, ಮಧ್ಯಾಹ್ನದ ಹೊತ್ತು, ಮಾಸ್ಕು ಹಾಕಿಕೊಂಡು ಕೇಸಿನ ಕಾಗದ ಓದುತ್ತ ಕೂರಲು ಶುರು ಮಾಡಿದೆ. ಒಂದು ದಿನ ಬೆಲ್ಲದ ಬಾಗೇವಾಡಿಯ ಲಕ್ಕಪ್ಪ ಹೇಳದೆ ಕೇಳದೆ ಬಂದರು. ಕುರಿ ಸಾಕಿದ ಮನೆತನದ ಹಿರಿಯರು. ಅವರ ಹೊಲದ ಗಡಿಯ ವ್ಯಾಜ್ಯ ನನ್ನ ಹತ್ತಿರ ಇತ್ತು. ಹೆಗಲ ಕಂಬಳಿ ಕೈಗೆ ತೆಗೆದುಕೊಂಡು ಬಾಗಿಲಲ್ಲೇ ನಿಂತರು.

"ಅಕ್ಕಾರ, ನಾ ಆಮ್ಯಾಲ ಬರ್ಲೇನ್ರಿ?"

ಕೂತುಕೊಳ್ಳಿ ಎಂದು ಕೈ ಮಾಡಿದೆ. ಮಾಸ್ಕು ತೆಗೆಯಲಿಲ್ಲ. ತೆಗೆದರೆ ಆವತ್ತಿನ ರೂಢಿ ಹಾಳಾಗುತ್ತಿತ್ತು, ಮತ್ತು ಖರೆ ಹೇಳಬೇಕೆಂದರೆ, ಯಾಕೆ ತೆಗೆಯಬೇಕು ಎಂದೂ ಅನ್ನಿಸಿತು. ಆ ಮಾಸ್ಕಿನೊಳಗಿಂದಲೇ ಮುಂದಿನ ತಾರೀಖಿನ ಬಗ್ಗೆ ಮಾತಾಡಿದೆ. ನನ್ನ ದನಿ ಕೊಡದೊಳಗಿನಿಂದ ಬಂದ ಹಾಗೆ ಬರುತ್ತಿತ್ತು. ಲಕ್ಕಪ್ಪ ಎಲ್ಲ ಕೇಳಿಸಿಕೊಂಡು, ಏಳುವಾಗ ಗಂಭೀರವಾಗಿ ಹೇಳಿದರು:

"ಕೋರ್ಟಿಗೂ ಇದನ್ನ ಹಾಕ್ಕೊಂಡ ಬರ್ರಿ ಅಕ್ಕಾರ. ಎದುರಿನ ವಕೀಲ ಅಂಜಿ ರಾಜಿಗೆ ಬರ್ತಾನ."

ನಾನು ನಕ್ಕ ರಭಸಕ್ಕೆ ಮಾಸ್ಕು ನಾಲ್ಕೂ ಕಡೆಯಿಂದ ಬುಸ್ ಎಂದಿತು. ಆ ದಿನದಿಂದ ಅದರ ಭಯ ಹೋಯಿತು.

ಎಷ್ಟೋ ದಿನಗಳ ಮೇಲೆ ಒಂದು ಬೆಳಿಗ್ಗೆ ಕಣ್ಣು ಬಿಟ್ಟೆ. ಏನೋ ಕಡಿಮೆಯಾಗಿದೆ ಅನ್ನಿಸಿತು. ತಲೆನೋವು ಇರಲಿಲ್ಲ. ಅದಕ್ಕಿಂತ ಆಶ್ಚರ್ಯ, ನನಗೆ ಕನಸು ಬಿದ್ದಿತ್ತು. ಕನಸು ಬೀಳುವುದನ್ನು ನಾನು ಮರೆತೇ ಬಿಟ್ಟಿದ್ದೆ. ಸಂತೆಯಲ್ಲಿ ನಿಂತು ಬದನೆಕಾಯಿಗೆ ಚೌಕಾಶಿ ಮಾಡುತ್ತಿದ್ದ, ಯಾವ ಅರ್ಥವೂ ಇಲ್ಲದ ಕನಸು. ಪರದೆಯ ಮೇಲೆ ಹಸಿರು ಮುಖ ನಗುತ್ತಿತ್ತು. ಪಕ್ಕದಲ್ಲಿ ಗಂಡ ಬಾಯಿ ತೆರೆದು ಗಾಢವಾಗಿ ಮಲಗಿದ್ದರು. ಅವರನ್ನು ಎಬ್ಬಿಸಿ ಕನಸನ್ನು ಹೇಳಿದೆ. "ಮುಳಗಾಯಿ ಕೊಟ್ಟನೇನ ಕಡೀಕ?" ಎಂದು ಕೇಳಿ ಮತ್ತೆ ಮಲಗಿದರು.

ಆ ತಿಂಗಳ ಕೊನೆಗೆ ಆ ಪಾಲಿನ ಕೇಸು ಮತ್ತೆ ಬಂತು. ಎದುರು ವಕೀಲರು ಹಳೆಯ ದಾರಿಯಲ್ಲೇ ಪ್ರಶ್ನೆ ಶುರು ಮಾಡಿದರು. ಅವರ ವಾಕ್ಯ ಮುಗಿಯುವ ಮೊದಲೇ ನಾನು ಎದ್ದು ನಿಂತಿದ್ದೆ. ನ್ಯಾಯಾಧೀಶರು ಆ ಪ್ರಶ್ನೆಯನ್ನು ತೆಗೆದುಹಾಕಿಸಿದರು. ಕೇಸು ಇನ್ನೂ ನಡೆದಿದೆ. ನಾನೂ ಎಚ್ಚರ ಇದ್ದೇನೆ.

ಅಷ್ಟರಲ್ಲಿ ಮೂಡಲಗಿಯಿಂದ ನನ್ನ ನಾದಿನಿ ಸರೋಜಾ ಬಂದಳು. ಅವಳ ಮಗಳು ಪೂಜಾಳ ಮದುವೆ ಗೊತ್ತಾಗಿತ್ತು. ವರನ ಕಡೆಯವರು ಹತ್ತರಗಿಯವರು, ಹೆದ್ದಾರಿಯ ಬಾಜೂ ಅವರದು ಟೈರಿನ ಅಂಗಡಿ. ಸರೋಜಾ ಒಳ್ಳೆಯವಳು, ಆದರೆ ಮಗಳ ಮದುವೆಯ ಚಿಂತೆಯಲ್ಲಿ ಅವಳಿಗೆ ಗೋಡೆಯ ನೆರಳೂ ಅಪಶಕುನವಾಗಿ ಕಾಣುತ್ತಿತ್ತು. ಚಹಾ ಕುಡಿದು ಮುಗಿದ ಮೇಲೆ ಸೆರಗಿನ ತುದಿ ಹೊಸೆಯುತ್ತ ಹೇಳಿದಳು.

"ವೈನಿ, ತಪ್ಪ ತಿಳ್ಕೋಬ್ಯಾಡ್ರಿ. ಮದಿವಿಗೆ ಆ ಮಷಿನ್ ತರಬ್ಯಾಡ್ರಿ. ಹೆಣ್ಣಮಕ್ಕಳೆಲ್ಲಾ ಒಂದ ಹಾಲಿನ್ಯಾಗ ಮಲಗಾವ್ರು. ಬೀಗರು ನೋಡಿದ್ರ, ಹೆಣ್ಣಿನ ಮನಿತಾನದಾಗ ಏನ್ ರೋಗ ಐತೋ ಅಂತಾರು."

"ನಾ ನಿಮ್ಮ ಮನಿತಾನಕ್ಕ ಬಂದ ಸೊಸಿ. ನನ್ನ ಉಸರಿಗೂ ಪೂಜಾನ ರಕ್ತಕ್ಕೂ ಏನ್ ಸಂಬಂಧ ಸರೋಜಾ?"

"ಮಂದಿಗೆ ಅಷ್ಟ ತಿಳಿತೈತೇನ್ರಿ? ಒಂದ ರಾತ್ರಿ ವೈನಿ. ಒಂದ ರಾತ್ರಿ ಬಿಟ್ರ ಏನಾಗತೈತ್ರಿ?"

ಒಳಗಿನಿಂದ ಅತ್ತೆ, "ಆಕಿ ಹೇಳೂದ ಖರೆ ಐತಿ," ಎಂದರು.

ಒಂದು ರಾತ್ರಿ. ಅಪ್ಪನ ಓಣಿ ಕಣ್ಣ ಮುಂದೆ ಬಂತು. ಅವನು ಹೋದದ್ದೂ ಒಂದೇ ರಾತ್ರಿಯಲ್ಲಿ. ದನಿ ಏರಿಸದೆ ಹೇಳಿದೆ: "ಮದಿವಿಗೆ ನಾನೂ ಬರ್ತೇನಿ, ಮಷಿನೂ ಬರ್ತೈತಿ. ಬ್ಯಾಡಂದ್ರ ಇಬ್ರೂ ಇಲ್ಲೇ ಇರ್ತೇವಿ. ಸ್ವಾದರತ್ತಿ ಇಲ್ಲದ ಮದಿವಿ ಆತು ಅಂತ ಬೀಗರು ಕೇಳಿದ್ರ ನೀ ಉತ್ತರ ಹೇಳ."

ಸರೋಜಾ ಅತ್ತಳು. ನನಗೂ ಅಳು ಬಂತು, ಅಳಲಿಲ್ಲ. ಹೋಗುವಾಗ ಅವಳು, "ಪ್ಲಗ್ಗಿನ ಬಾಜೂ ಜಾಗಾ ಹಿಡಸ್ತೇನಿ ತಗೋರಿ," ಎಂದು ಮೂಗು ಒರೆಸಿಕೊಂಡಳು.

ಮೂಡಲಗಿಯ ಕಲ್ಯಾಣಮಂಟಪದ ಮೇಲಿನ ಹಾಲಿನಲ್ಲಿ ಎರಡೂ ಕಡೆಯ ಹೆಂಗಸರು ಜಮಖಾನೆ ಹಾಸಿಕೊಂಡಿದ್ದರು. ಹರಟೆ, ಮೆಹಂದಿ, ಮಕ್ಕಳ ಗಲಾಟೆ. ನಾನು ಚೀಲದಿಂದ ಯಂತ್ರ ತೆಗೆದು ಗೋಡೆಯ ಪ್ಲಗ್ಗಿಗೆ ಹಾಕಿದಾಗ ಆ ಮೂಲೆ ಸುಮ್ಮನಾಯಿತು. ಸುಮ್ಮನಿರುವುದು ಮೂಲೆಯಿಂದ ಮೂಲೆಗೆ ಹಬ್ಬಿತು. ನಾನು ಸೋಪಿನಿಂದ ಮುಖ ತೊಳೆದುಕೊಂಡು ಬಂದು, ಕೂದಲನ್ನು ಜಡೆ ಹಾಕಿ ಮುಂದಕ್ಕೆ ಬಿಟ್ಟು, ಮಲಗಿ, ಮಾಸ್ಕು ಹಾಕಿಕೊಂಡೆ. ಮಂಟಪದ ಬಿರುಸಾದ ದಿಂಬಿಗೆ ಮಾಸ್ಕು ವಾಲಿ, ಅಷ್ಟು ಜನರ ಮುಂದೆ ಪೀಪಿ ಊದಿತು. ಮಕ್ಕಳು ಕಿಲಕಿಲ ನಕ್ಕವು. ಸರೋಜಾ ಕಣ್ಣು ಮುಚ್ಚಿಕೊಂಡಳು. ನಾನು ಅವಸರ ಮಾಡಲಿಲ್ಲ. ದಿಂಬನ್ನು ಕಿವಿಯ ಹಿಂದಕ್ಕೆ ಸರಿಸಿದೆ, ಕೆಳಗಿನ ಪಟ್ಟಿಯನ್ನು ತುಸು ಸಡಿಲಿಸಿದೆ, ಮಾಸ್ಕನ್ನು ಮುಖದಿಂದ ಒಮ್ಮೆ ಎತ್ತಿ ಮತ್ತೆ ಕೂರಿಸಿದೆ. ಪೀಪಿ ನಿಂತಿತು. ಎಲ್ಲರ ಕಡೆ ಒಮ್ಮೆ ಕೈ ಬೀಸಿ ಕಣ್ಣು ಮುಚ್ಚಿದೆ.

ಬೆಳಿಗ್ಗೆ ಎದ್ದು ನೋಡಿದರೆ ಅತ್ತೆ ಹಾಸಿಗೆಯ ಮೇಲೆ ಕೂತಿದ್ದರು. "ನಿನ್ನ ಸಪ್ಪಳಿಲ್ಲದ ನನಗ ನಿದ್ದಿ ಹತ್ತಲಿಲ್ಲ," ಎಂದು ದೂರಿನ ದನಿಯಲ್ಲಿ ಹೇಳಿ ಎದ್ದು ಹೋದರು. ಅದನ್ನು ಹೇಗೆ ತೆಗೆದುಕೊಳ್ಳಬೇಕೋ ನನಗೆ ಇವತ್ತಿಗೂ ಗೊತ್ತಾಗಿಲ್ಲ.

ನಾನು ಮಾಸ್ಕು ತೊಳೆಯಲು ನಲ್ಲಿಯ ಹತ್ತಿರ ಹೋದಾಗ ಒಬ್ಬ ದಪ್ಪನೆಯ ಹೆಂಗಸು ಹಿಂದಿನಿಂದ ಬಂದು ನಿಂತರು. ವರನ ತಾಯಿ, ರತ್ನವ್ವ. ಕಣ್ಣುಗಳು ಉರಿದುಹೋದ ಹಾಗಿದ್ದವು. ಇನ್ನು ಮಾತು ಬಂತು ಎಂದುಕೊಂಡು, ಮೈಯೆಲ್ಲ ಗಟ್ಟಿ ಮಾಡಿಕೊಂಡು ತಿರುಗಿದೆ.

"ಅಕ್ಕಾರ, ಅದನ್ನ ಹಾಕ್ಕೊಂಡ್ರ ಸಪ್ಪಳ ನಿಂದರತೈತೇನ್ರಿ?"

"ನಿಂದರತೈತ್ರಿ. ಸೋರದಂಗ ಕುಂಡ್ರಬೇಕ ಅಷ್ಟ."

ಅವರು ಆ ಕಡೆ ಈ ಕಡೆ ನೋಡಿದರು. "ನಾ ರಾತ್ರೆಲ್ಲಾ ಗ್ವಾಡಿಗೆ ಆತು ಕುಂತೇನ್ರಿ. ಯಾರ ಮದಿವ್ಯಾಗೂ ನಾ ಮಲಗೂದಿಲ್ರಿ. ಮಲಗಿದ್ರ ಮಂದಿ ನಗತಾರ. ನನ್ನ ಮಗನ ಮದಿವ್ಯಾಗರೆ ನಗಬಾರದು ಅಂತ…"

ನಾನು ಒದ್ದೆಗೈಯಲ್ಲೇ ಅವರ ಕೈ ಹಿಡಿದುಕೊಂಡೆ. ಯಾರಿಗೆ ಕಾಣಬಾರದು ಎಂದು ಸರೋಜಾ ಅತ್ತಿದ್ದಳೋ, ಅವರೇ ಕಣ್ಣು ಮುಚ್ಚದೆ ಕೂತು ರಾತ್ರಿಯೆಲ್ಲ ನನ್ನ ನಿದ್ದೆಯನ್ನು ನೋಡಿದ್ದರು.

ಈಗಲೂ ನನ್ನ ಮಾಸ್ಕು ಒಮ್ಮೊಮ್ಮೆ ಸೋರುತ್ತದೆ. ನೆಗಡಿಯಾದಾಗ, ಅಂಚು ಹಳೆಯದಾದಾಗ, ಕಾರಣವೇ ಇಲ್ಲದಾಗಲೂ. ಅಂಥ ಬೆಳಿಗ್ಗೆಗಳಲ್ಲಿ ಎರಡು ಮಾತು ಬೈದು, ಅಂಚನ್ನು ತೊಳೆದು, ಸಂಜೆ ಮತ್ತೆ ಶುರು ಮಾಡುತ್ತೇನೆ. ಮೂಗಿನ ತೂತು ಮುಚ್ಚುತ್ತ ಬಂದಿದೆ. ಅತ್ತೆ ಅದನ್ನು ನೋಡಿ ಒಮ್ಮೊಮ್ಮೆ ನಿಟ್ಟುಸಿರು ಬಿಡುತ್ತಾರೆ; ಬಿಡಲಿ. ಸುಸ್ತಾಗಿ ಯಂತ್ರವನ್ನು ಕಪಾಟಿನ ಮೇಲೆ ಇಟ್ಟವರು ಇದನ್ನು ಓದುತ್ತಿದ್ದರೆ, ಅದನ್ನು ಕೆಳಗಿಳಿಸಿ ಎಂದಷ್ಟೇ ಹೇಳುತ್ತೇನೆ. ಸೋರುವುದು ಮಾಸ್ಕು, ನೀವಲ್ಲ.

ಮದುವೆಯಾದ ಕೆಲವು ವಾರಗಳ ಮೇಲೆ ರತ್ನವ್ವ ಗೋಕಾಕದ ಡಾಕ್ಟರ ಹತ್ತಿರ ಹೊರಟರು. ನಾನೂ ಜೊತೆಗೆ ಹೋದೆ. ಕರೆದುಕೊಂಡು ಬಂದದ್ದು ಅವರ ಮಗ, ಹೊಸ ಮದುಮಗ. ಕಾಯುವ ಕೋಣೆ ತುಂಬಿತ್ತು. ಯಾವುದಕ್ಕೆ ತೋರಿಸಬೇಕು ಎಂದು ಕೌಂಟರಿನ ಹುಡುಗಿ ಕೇಳಿದಾಗ ಮಗ ತಾಯಿಯ ಕಿವಿಯ ಹತ್ತಿರ ಬಗ್ಗಿದ.

"ಅವ್ವಾ, ಸಣ್ಣಗ ಹೇಳ. ಮಂದಿ ಅದಾರ."

ರತ್ನವ್ವ ಅವನ ಮುಖ ನೋಡಿದರು, ನನ್ನ ಮುಖ ನೋಡಿದರು. ಸೆರಗು ಸರಿಮಾಡಿಕೊಂಡು, ಟೈರಿನ ಅಂಗಡಿಯಲ್ಲಿ ಹೆದ್ದಾರಿಯ ಸದ್ದಿನ ಮೇಲೆ ಗಿರಾಕಿಗಳನ್ನು ಕರೆಯುವ ಅದೇ ದನಿಯಲ್ಲಿ, ಇಡೀ ಕೋಣೆಗೆ ಕೇಳುವಂತೆ ಹೇಳಿದರು.

"ಗೊರಕಿ ಹೊಡಿತೇನವಾ ನಾ. ಉಸರ ನಿಂದರತೈತಿ. ಅದಕ್ಕ ಬಂದೇನಿ. ಬರ್ಕೊ."

ಮಗ ನೆಲ ನೋಡಿದ. ಕೋಣೆಯಲ್ಲಿ ಒಬ್ಬರೂ ನಗಲಿಲ್ಲ. ಕುರ್ಚಿಗಳ ಕೊನೆಯಲ್ಲಿ ಮುಖಕ್ಕೆ ಮಫ್ಲರ್ ಸುತ್ತಿಕೊಂಡು ಕೂತಿದ್ದ ಒಬ್ಬ ಗಂಡಸು ಅದನ್ನು ಮೆಲ್ಲಗೆ ಬಿಚ್ಚಿ, ನಮ್ಮ ಕಡೆ ತಿರುಗಿದ.

"ನಾನೂ ಅದಕ್ಕ ಬಂದೇನ್ರಿ ಅಕ್ಕಾರ," ಎಂದ.

"ಹಂಗಾರ ದೂರ ಯಾಕ ಕುಂತೀರಿ? ಈ ಕಡೆ ಬರ್ರಿ," ಎಂದರು ರತ್ನವ್ವ.

ಅವನು ಎದ್ದ. ಸಾಲಿನಲ್ಲಿದ್ದ ಎಲ್ಲರೂ ತುಸು ಸರಿದು ಅವನಿಗೆ ಜಾಗ ಮಾಡಿಕೊಟ್ಟರು.